ಚೆಂದದ ಬೆಂಕಿ

ನಿರ್ದೇಶಕನೊಬ್ಬ, ತನ್ನದೇ ಬೀದಿಯ ಹೆಣ್ಣೊಬ್ಬಳನ್ನು ಗಂಡ ಸೀಮೆಎಣ್ಣೆ ಸುರಿದು ಸುಟ್ಟ ಕತೆಯನ್ನು ಸಿನಿಮಾ ಮಾಡಿ ದೊಡ್ಡ ಪ್ರಶಸ್ತಿ ಗೆದ್ದ. "ಸಾವನ್ನೂ ಕಾವ್ಯವಾಗಿಸಿದ ಕಲಾವಿದ" ಎಂದು ವಿಮರ್ಶಕರು ಕೊಂಡಾಡಿದರು. ಸನ್ಮಾನದ ದಿನ ಅವನು ಸತ್ತವಳ ತಾಯಿ ಸಾಕಮ್ಮನನ್ನೂ ವೇದಿಕೆಗೆ ಕರೆಸಿ, ಶಾಲು ಹೊದಿಸಿ, ಮೈಕ್ ಹಿಡಿದ.

"ಹೇಗಿತ್ತಮ್ಮಾ ಸಿನಿಮಾ?"

"ಎಷ್ಟು ಚೆಂದಾಗಿ ಉರೀತಾಳೆ ಸ್ವಾಮಿ! ನನ್ನ ಮಗಳು ಇಷ್ಟು ಚೆಂದಾಗಿ ಉರೀಲಿಲ್ಲ."

ಅವನು ಅದನ್ನು ಹೊಗಳಿಕೆಯೆಂದೇ ತಿಳಿದು ಕೈಮುಗಿದ. "ಆ ಬೆಂಕಿಯ ಬಣ್ಣಕ್ಕೆ ತುಂಬ ಒದ್ದಾಡಿದ್ದೀನಮ್ಮಾ. ನಡೆದದ್ದರಲ್ಲಿ ಏನಾದರೂ ಬಿಟ್ಟುಹೋಗಿದೆಯಾ? ಸಂಕೋಚವಿಲ್ಲದೆ ಹೇಳಿ."

ಸಾಕಮ್ಮ ಹೊದಿಸಿದ ಶಾಲು ತೆಗೆದು ಅವನ ಕೈಗಿಟ್ಟಳು.

"ಒಂದು ಬಿಟ್ಟಿದ್ದೀರಿ. ಅವಳು ಉರೀತಾ ಓಡಿಬಂದು ನಿಮ್ಮನೆ ಬಾಗಿಲು ಬಡಿದಾಗ, ನೀವು ಕಿಟಕಿಯಿಂದ ನೋಡಿ ಒಳಗಿಂದ ಚಿಲಕ ಹಾಕ್ಕೊಂಡಿದ್ದು."