ಒಬ್ಬರ ತಟ್ಟೆ

ದಾವಣಗೆರೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಗಾಜಿನ ಮೇಲೆ ಅಂಗೈ ಇಟ್ಟರೆ ಸಾಕು, ಅವರವರ ಮೈಗೆ ಹೊಂದುವಂತೆ ಉಪ್ಪು, ಎಣ್ಣೆ ಅಳೆದು ಯಂತ್ರ ಅರೆಗಳಿಗೆಯಲ್ಲಿ ತಿಂಡಿ ಕೊಡುತ್ತಿತ್ತು. ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈ ಹಾಕುವಂತಿರಲಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಡ್ರೈವರ್ ದ್ಯಾಮಣ್ಣ ದಿನವೂ ಅಲ್ಲೇ ತಿನ್ನುತ್ತಿದ್ದ. ಒಂದು ಬೆಳಿಗ್ಗೆ ತಡೆಯಲಾರದೆ, ಎದುರು ನಿಂತಿದ್ದ ಕಂಡಕ್ಟರ್ ನಸೀಮಾಳತ್ತ ದೋಸೆಯ ತಟ್ಟೆ ಸರಿಸಿದ.

“ಒಂದ್ ತುಂಡು ತಗಳ್ರಿ. ನಮ್ಮಾಕಿ ದಿನಾ ನನ್ ತಟ್ಟೆಯಿಂದ ಮುರ್ಕಂಡು ತಿಂತಿದ್ಲು.”

“ನಿಮ್ದು ನಂಗೆ ಆಗಲ್ಲ ಅಣ್ಣ,” ಎಂದಳು ನಸೀಮಾ. ಆದರೂ ಅವನ ಮುಖ ನೋಡಿ, ಒಂದು ತುಂಡು ಮುರಿದು ಬಾಯಿಗಿಟ್ಟುಕೊಂಡಳು. ಮೇಜಿನ ಮೇಲೆ ಕೆಂಪು ದೀಪ ಹೊತ್ತಿತು.

ಇನ್ನೊಬ್ಬರ ತಟ್ಟೆಯದನ್ನು ತಿಂದಿದ್ದಕ್ಕೆ ಮರುದಿನದಿಂದ ಯಂತ್ರ ಅವಳನ್ನು ಗೋಡೆ ಬದಿಯ, ಬೇರೆ ಯಾರೂ ಹತ್ತಿರ ಹೋಗಬಾರದ ಒಂಟಿ ಮೇಜಿಗೆ ಕಳಿಸಿತು. ದ್ಯಾಮಣ್ಣ ದೂರದಲ್ಲೇ ನಿಂತು ತಿಂದು ಮುಗಿಸಿದ. ತಪ್ಪಾಯಿತು ಎನ್ನಲೂ ಅವಳ ಬಳಿ ಹೋಗುವಂತಿರಲಿಲ್ಲ.