ಜೋಡಿ ಸೈಲೆನ್ಸರ್

ಆ ಪಿಕಪ್ಪಿನ ಹಿಂದೆ, ಕೂಲಿಯಾಳುಗಳ ನಡುವೆ, ಒಂದು ದಿನವೂ ನಿಂತು ಹೋದವನಲ್ಲ ನಾನು. ಆದರೂ ಇದನ್ನು ಹೇಳಲು ಹೊರಟಿದ್ದೇನೆ. ನಿಂತು ಹೋದವರು ಮನ್ನಿಸಬೇಕು.

ಆಳಂದದ ಬಸ್‌ಸ್ಟ್ಯಾಂಡಿನ ಹಿಂದಿರುವ ತನ್ನ ವೆಲ್ಡಿಂಗ್ ಅಂಗಡಿಯಲ್ಲಿ ಧಮ್ಮಪಾಲ ಹದಿನಾಲ್ಕು ವರ್ಷದ ಹಳೆಯ ಪಿಕಪ್ಪಿನ ಕೆಳಗೆ ಅಂಗಾತ ಮಲಗಿ, ದಪ್ಪ ತಂತಿಯನ್ನು ಬಗ್ಗಿಸಿ ಬಗ್ಗಿಸಿ ಪೈಪಿನ ಅಳತೆ ತೆಗೆಯುತ್ತಿದ್ದ. ಗಾಡಿಯ ಮಾಲೀಕ ಜಗದೇವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಮೊಬೈಲಿನಲ್ಲಿ ಯಾವುದೋ ಊರಿನ ಗಾಡಿ ಗುಡುಗುವ ವಿಡಿಯೋ ಹಚ್ಚಿದ್ದ.

"ಹಿಂಗ ಆವಾಜ್ ಬರಬೇಕ್ರಿ ಮಿಸ್ತ್ರಿ. ಮಾದನಹಿಪ್ಪರಗಾ ಅಗಸಿಗಿ ನಾ ಬಂದ್ರ ಊರಿಗೆಲ್ಲಾ ಗೊತ್ತಾಗಬೇಕು."

"ಗೊತ್ತಾಗ್ತದ ತಮ್ಮಾ. ಎಮ್ಮಿಗೋಳಿಗೂ ಗೊತ್ತಾಗ್ತದ. ಹಳೇ ಸೈಲೆನ್ಸರ್ ತಗದು ಎಡಕ್ಕೊಂದು ಬಲಕ್ಕೊಂದು ಪೈಪ್ ಬಿಡೋಣು, ಆದ್ರ ಬಲಕ್ಕ ಸ್ಟೆಪ್ನಿ ಅಡ್ಡ ಬರ್ತದ. ಹಿಂದ ಏನ್ ಹೇರ್ತಿ?"

"ಹೆಣ್ಣಾಳು ಇರ್ತಾರ್ರಿ, ಇಪ್ಪತ್ತು ಮಂದಿ. ತೊಗರಿ ಕೊಯ್ಯಾಕ ಅಫಜಲಪುರ ಕಡಿ ಒಯ್ತೇನಿ."

ಧಮ್ಮಪಾಲ ಹೊರಗೆ ಬಂದ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಎರಡು ಪೈಪನ್ನು ಕಾಲಿನಿಂದ ಒರೆಸಿ ಮತ್ತೆ ಬರೆದ. ಪೈಪಿನ ಬಾಯಿ ಗಾಲಿಯ ಮುಂದೆ ಬೇಡ, ಹೊಗೆ ಹೆಂಗಸರ ಮುಖಕ್ಕೆ ಹೊಡೆಯುತ್ತದೆ. ಹಿಂಬಾಗಿಲು ದಾಟಿ ಒಂದು ಗೇಣು ಆಚೆ ಇರಲಿ. ಭಾರಕ್ಕೆ ಸ್ಪ್ರಿಂಗಿನ ಪಾಟಾ ಕುಸಿದಾಗ ಪೈಪು ರಸ್ತೆಗೆ ತಾಗಬಾರದು. ಮೂರು ಬೆರಳು ಮೇಲಿರಲಿ. ಅವನು ಹಾಗೆಯೇ, ಒಂದು ಬೆಸುಗೆಯನ್ನು ಮೂರು ಸಲ ಸುತ್ತಿಗೆಯಿಂದ ತಟ್ಟಿ ನೋಡುವ ಮನುಷ್ಯ.

"ಇನ್ನೊಂದು ಮಾತು. ಒಳಗ ಭಾಳ ಗದ್ದಲ ಆಗ್ತದ. ದಿನಾ ನಾಲ್ಕು ತಾಸು ಕೂಡಾಂವ ನೀ, ಕಿವಿ ಹೋಗ್ತಾವ. ಕ್ಯಾಬಿನ್ ನೆತ್ತಿಗಿ ಒಳಗಿಂದ ಎರಡು ಇಂಚು ಫೋಮ್ ಹಚ್ಚತೇನಿ, ಅದರ ಮ್ಯಾಲ ರೆಕ್ಸಿನ್."

"ನೀವು ಡಾಕ್ಟರ್ ಆಗಬೇಕಾಗಿತ್ತು ನೋಡ್ರಿ!" ಜಗದೇವ ನಕ್ಕ. "ಹಚ್ಚರಿ, ಅದೂ ಹಚ್ಚಿಬಿಡ್ರಿ."

ಇನ್ನೇನೋ ಒಂದು ಕೇಳುವುದು ಉಳಿದಿದೆ ಎಂದು ಧಮ್ಮಪಾಲನಿಗೆ ಅನ್ನಿಸಿತು. ಏನೆಂದು ಹೊಳೆಯಲಿಲ್ಲ. ಹೀಗೆ ಅನ್ನಿಸುವುದು ಅವನಿಗೆ ಪ್ರತಿ ಕೆಲಸದಲ್ಲೂ ಇದ್ದದ್ದೇ. 'ನಿಮಗ ಕೀಲಿ ಹಾಕಿದ ಮ್ಯಾಲೂ ಕೀಲಿ ಹಾಕೇನೋ ಇಲ್ಲೋ ಅನ್ನೋ ಚಿಂತಿ' ಎಂದು ಹೆಂಡತಿ ಪಂಚಶೀಲಾ ಯಾವಾಗಲೂ ಕಾಡಿಸುತ್ತಿದ್ದಳು. ಅದೂ ಇಂಥದ್ದೇ ಎಂದುಕೊಂಡು ಸುಮ್ಮನಾದ.

ಇಪ್ಪತ್ತು ದಿನ ಕಳೆದು, ಸಂಜೆ ನಾಲ್ಕೂವರೆಗೆ, ಅದೇ ಪಿಕಪ್ ಅಂಗಡಿಯ ಮುಂದೆ ಬಂದು ನಿಂತಿತು. ಆವಾಜು ವಿಡಿಯೋದಲ್ಲಿದ್ದ ಹಾಗೆಯೇ ಇತ್ತು. ಇಳಿದು ಬಂದ ಜಗದೇವನ ಮುಖದಲ್ಲಿ ಮಾತ್ರ ಕಳೆ ಇರಲಿಲ್ಲ. ಗಾಡಿಯ ಹಿಂದೆ ಕ್ಯಾಬಿನ್ ಹಿಡಿದುಕೊಂಡು ಒಬ್ಬಳೇ ಮುದುಕಿ ನಿಂತಿದ್ದಳು: ಊರಿನ ಆಳುಗಳನ್ನು ಕೂಡಿಸಿ ತರುವ ಮಲ್ಕಮ್ಮ.

"ಪೈಪಿನ ಕ್ಲಾಂಪ್ ಸಡಲಾಗ್ಯಾದ್ರಿ," ಎಂದ ಜಗದೇವ, ನೆಲ ನೋಡುತ್ತ.

"ಕ್ಲಾಂಪಿಂದು ಆಮ್ಯಾಲ ಹೇಳು ತಮ್ಮಾ. ಮೊದಲ ಆಗಿದ್ದು ಹೇಳು."

ಮಲ್ಕಮ್ಮನೇ ಹೇಳಿದಳು. ಸೋಮವಾರ ಹೊಲಕ್ಕೆ ಹೋಗುವಾಗ ಹಿಂಬಾಗಿಲಿನ ಕೊಂಡಿ ಕಳಚಿತು. ಹೆಂಗಸರೆಲ್ಲ ಸೇರಿ ಕ್ಯಾಬಿನ್ನಿನ ನೆತ್ತಿ ಬಡಿದರು. ಗಾಡಿ ನಿಲ್ಲಲಿಲ್ಲ. ತಿರುವಿನಲ್ಲಿ ತುದಿಗೆ ಕೂತಿದ್ದ ರಮಾಬಾಯಿ ರಸ್ತೆಗೆ ಬಿದ್ದಳು. ಅರ್ಧ ಮೈಲಿ ಹೋದ ಮೇಲೆ ಎದುರಿಗೆ ಬಂದ ಬೈಕಿನವನೊಬ್ಬ ಕೈ ಮಾಡಿ ನಿಲ್ಲಿಸಿದ. ರಮಾಬಾಯಿ ಟೊಂಕ ಮುರಿದುಕೊಂಡು ಕಲಬುರಗಿ ದವಾಖಾನೆಯಲ್ಲಿದ್ದಾಳೆ. ಮಲ್ಕಮ್ಮ ಈಗ ಅಲ್ಲಿಗೇ ಹೊರಟಿದ್ದಳು.

"ಖರೇನ, ನನಗ ಕೇಳಿಸ್ಲೇ ಇಲ್ರಿ," ಎಂದ ಜಗದೇವ.

ಮಲ್ಕಮ್ಮ ಧಮ್ಮಪಾಲನ ಕಡೆ ತಿರುಗಿದಳು. ಜಗಳಕ್ಕೆ ಬಂದವಳ ದನಿಯಲ್ಲ ಅದು. "ಮೊದಲ ಎರಡು ಸಲ ಬಡದ್ರ ನಿಂದರತಿತ್ರಿ ಗಾಡಿ. ಮೂರು ಬಡದ್ರ ನಡೀತಿತ್ತು. ಹಚ್ಚಿದವರು ನೀವು, ನಿಮಗ ಗೊತ್ತಿರ್ತದ. ಈಗ ಎಷ್ಟು ಸಲ ಬಡೀಬೇಕ್ರಿ? ನಾಳಿಗಿ ಹೆಣ್ಮಕ್ಕಳಿಗಿ ಏನಂತ ಹೇಳ್ಲಿ?"

"ಆಯಿ, ನಾ ಒಳಗ ಕೂಡ್ತೇನಿ. ನೀವು ಬಡೀರಿ," ಎಂದು ಹೇಳಿ ಧಮ್ಮಪಾಲ ಕ್ಯಾಬಿನ್ ಹತ್ತಿದ. ಗಾಜು ಏರಿಸಿ, ಗಾಡಿ ಚಾಲೂ ಮಾಡಿ, ದಾರಿಯಲ್ಲಿ ಓಡುವಷ್ಟು ಆಕ್ಸಿಲರೇಟರ್ ಒತ್ತಿದ.

ಇಳಿಬಿಸಿಲು ಗಾಡಿಯ ಬೆನ್ನಿಗಿತ್ತು. ಬಾನೆಟ್ಟಿನ ಮುಂದೆ, ಅಂಗಡಿಯ ಅಂಗಳದಲ್ಲಿ, ಮಲ್ಕಮ್ಮನ ನೆರಳು ಉದ್ದಕ್ಕೆ ಬಿದ್ದಿತ್ತು. ನೆರಳಿನ ಕೈ ಮೇಲಕ್ಕೆ ಹೋಯಿತು, ಕೆಳಗೆ ಬಂತು. ಮತ್ತೆ ಮೇಲಕ್ಕೆ ಹೋಯಿತು, ಮತ್ತೆ ಬಂತು. ಧಮ್ಮಪಾಲ ಫೋಮಿಗೆ ತಲೆ ಆನಿಸಿ ಕಾದ. ನೆರಳು ಎರಡೂ ಕೈಯಿಂದ ಬಡಿಯತೊಡಗಿತು. ಅವನಿಗೆ ಏನೂ ಕೇಳಿಸಲಿಲ್ಲ.

ಇಳಿದವನೇ ಚಾಕು ತೆಗೆದುಕೊಂಡ. "ಮೊದಲ ಫೋಮ್ ಅಷ್ಟೇ ತಗದು ನೋಡ್ರಿ ಮಿಸ್ತ್ರಿ, ಪೈಪ್ ಇರಲಿ," ಎಂದು ಜಗದೇವ ಕೇಳಿಕೊಂಡ. ಧಮ್ಮಪಾಲ ಕಿವಿಗೆ ಹಾಕಿಕೊಳ್ಳಲಿಲ್ಲ. ಫೋಮನ್ನು ಹರಿದು ಎಳೆದ, ಪೈಪುಗಳನ್ನು ಕೊಯ್ದು ಹಾಕಿದ, ಹಳೆಯ ಸೈಲೆನ್ಸರನ್ನೇ ಬೆಸೆದು ಕಳಿಸಿದ.

ರಮಾಬಾಯಿ ಎದ್ದು ನಡೆಯುತ್ತಾಳೋ ಇಲ್ಲವೋ ಡಾಕ್ಟರು ಇನ್ನೂ ಹೇಳಿಲ್ಲ. ಆ ಹೆಂಗಸರ ಬಡಿತವನ್ನು ನುಂಗಿದ್ದು ಜಗದೇವ ಬಯಸಿ ಹಾಕಿಸಿದ ಪೈಪೋ, ಧಮ್ಮಪಾಲ ತಾನಾಗಿಯೇ ಹೇಳಿ ಹಚ್ಚಿದ ಫೋಮೋ, ಅದೂ ತಿಳಿಯದೆ ಹೋಯಿತು. ಎಲ್ಲವನ್ನೂ ಮೂರು ಸಲ ತಟ್ಟಿ ನೋಡುವ ಮನುಷ್ಯ ಅವತ್ತು ಯಾಕೆ ಒಂದೊಂದಾಗಿ ತೆಗೆದು ನೋಡಲಿಲ್ಲವೋ, ನನಗೆ ಗೊತ್ತಿಲ್ಲ.