ಕೆಂಗರುಡನ ಮಗಳು

ಕೊನೆಯ ಪುಟದಲ್ಲಿ ಕೆಂಗರುಡನ ಮುಖವಾಡ ಕಳಚಿತು. ಒಳಗಿದ್ದದ್ದು ಹುಡುಗಿಯ ಮುಖ. ವಯಸ್ಸಾದ ಕೆಂಗರುಡ ಎಂದೋ ಮನೆ ಸೇರಿದ್ದ. ಎಷ್ಟೋ ಸಂಚಿಕೆಗಳಿಂದ ಕಳ್ಳರನ್ನು ಹಿಡಿಯುತ್ತಿದ್ದವಳು ಅವನ ಮಗಳು. ಸಾಗರದ ಪೇಟೆಯ ಟೈಲರ್ ಜಟ್ಟಪ್ಪ ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿ, ಚಿತ್ರಕಥೆಯ ಪುಸ್ತಕವನ್ನು ಗಿರಾಕಿಗಳತ್ತ ತಿರುಗಿಸಿ ತೋರಿಸಿದ.

"ಬರೀ ಬುರುಡೆ," ಎಂದ ವರದಹಳ್ಳಿಯ ಮಾಸ್ತಪ್ಪ. ಅಂಗಿ ಹೊಲಿಸಲು ಟೆರಿಲಿನ್ ಬಟ್ಟೆ ತಂದು ಬೆಂಚಿನ ಮೇಲೆ ಕೂತಿದ್ದ. "ಹೆಣ್ಣು ಹುಡುಗಿ ಅವನ ಕೆಲ್ಸ ಮಾಡಿದ್ರೆ ಊರೋರಿಗೆ ಗೊತ್ತಾಗದೆ ಇರ್ತದಾ? ಬರೆದೋನಿಗೆ ತಲೆ ಇಲ್ಲ."

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಜಟ್ಟಪ್ಪನ ಮಗಳು ಗುತ್ಯಮ್ಮನ ಸೂಜಿ ನಿಂತಿತು. ಜಟ್ಟಪ್ಪ ನಡುಗುವ ತನ್ನ ಬೆರಳುಗಳನ್ನು ನೋಡಿಕೊಂಡು ನಕ್ಕ. "ನಿನ್ನ ಮೈಮೇಲಿರೋ ಅಂಗಿ ಮಗನ ಮದುವೇದಲ್ವಾ ಮಾಸ್ತಪ್ಪ? ಹೊಸನಗರದ ಬೀಗ್ರು, ಯಾರು ಹೊಲಿದಿದ್ದು ಅಂತ ಕೇಳಿದ್ರು ಅಂತ ನೀನೇ ಅಂದಿದ್ದೆ. ಕತ್ತರಿಸಿ ಹೊಲಿದೋಳು ಇವಳು. ನಾನು ಅಳತೆ ತಗಂಡಿದ್ದು ಅಷ್ಟೇ." ಕೊರಳಿನ ಟೇಪು ತೆಗೆದು ಮಗಳ ಕೊರಳಿಗೆ ಹಾಕಿದ. "ಇವತ್ತಿಂದ ಅದೂ ಇವಳದ್ದೇ."

ಆ ಪೇಟೆಯಲ್ಲಿ ಹೆಂಗಸೊಬ್ಬಳು ಗಂಡಸರ ಅಳತೆ ತೆಗೆದದ್ದನ್ನು ಯಾರೂ ಕಂಡಿರಲಿಲ್ಲ. ಮಾಸ್ತಪ್ಪ ಕಾಲರನ್ನು ಮುಟ್ಟಿ ನೋಡಿಕೊಂಡ, ತೋಳಿನ ಹೊಲಿಗೆಯ ಮೇಲೆ ಬೆರಳಾಡಿಸಿದ. ಆಮೇಲೆ ಎದ್ದು ಗುತ್ಯಮ್ಮನ ಮುಂದೆ ನೆಟ್ಟಗೆ ನಿಂತು, ಎರಡೂ ಕೈಗಳನ್ನು ರೆಕ್ಕೆಯ ಹಾಗೆ ಅಗಲಿಸಿದ.

"ಕಂಕುಳಲ್ಲಿ ಚೂರು ಸಡ್ಲ ಬಿಡಮ್ಮ."